ಕೆಲಸ ಇಲ್ಲಿ, ಬೆಲೆ ಹುಟ್ಟಿದೂರಲ್ಲಿ

ಯುರೋಪಿನ ಮಾರುಕಟ್ಟೆಯ ಜಗಳ ನಮಗ್ಯಾಕೆ ಅಂತ ಹಾಸ್ಟೆಲ್ಲಿನ ಗೆಳೆಯರು ಕೇಳಬಹುದು. ಕೇಳಲಿ. ಹುಟ್ಟು ನೋಡಿ ಮನುಷ್ಯನ ಬೆಲೆ ಕಟ್ಟುವ ಕಸುಬು ನಮ್ಮೂರ ಗೌಡ, ಶಾನುಭೋಗರದ್ದು ಮಾತ್ರ ಅಂತ ನಾವು ತಿಳಿದಿದ್ದೇವೆ. ಸೂಟುಬೂಟಿನ ದೊರೆಗಳೂ ಅದೇ ಕಸುಬನ್ನು ಕಾನೂನು ಮಾಡಲು ಹೊರಟಿದ್ದರು. ಆ ಕತೆ ಗೊತ್ತಾದರೆ ನಮ್ಮ ಕತೆ ಇನ್ನೂ ಚೆನ್ನಾಗಿ ಗೊತ್ತಾಗ್ತದೆ.

2004ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ ಒಂದು ಕರಡು ಕಾನೂನು ಮುಂದಿಟ್ಟಿತು. ತಂದ ಆಸಾಮಿ ಹಾಲೆಂಡಿನ ಫ್ರಿಟ್ಸ್ ಬೋಲ್ಕೆಸ್ಟೈನ್. ಒಕ್ಕೂಟದ ದೇಶಗಳ ನಡುವೆ ಸಾಮಾನು ಗಡಿ ದಾಟಿ ಮಾರಾಟವಾಗುವ ಹಾಗೆ ಸೇವೆಯೂ ದಾಟಲಿ ಅನ್ನೋದು ಅದರ ಮಾತು. ಸೇವೆ ಅಂದರೆ ನಲ್ಲಿ ರಿಪೇರಿ, ಗಾರೆ ಕೆಲಸ, ಲೆಕ್ಕ ಬರೆಯೋದು, ಮನೆಯ ನಕ್ಷೆ ಹಾಕೋದು ಎಲ್ಲವೂ. ಕೇಳಲು ಚೆನ್ನಾಗೇ ಇದೆ. ಆದರೆ ಆ ಕರಡಿನ ಹೊಟ್ಟೆಯೊಳಗೆ 'ಮೂಲ ದೇಶದ ತತ್ವ' ಅಂತ ಒಂದಿತ್ತು. ಪೋಲೆಂಡಿನ ಕಂಪನಿ ಫ್ರಾನ್ಸಿಗೆ ಬಂದು ಕೆಲಸ ಮಾಡಿದರೂ ಪೋಲೆಂಡಿನ ಕಾನೂನೇ ಅದನ್ನು ಆಳುತ್ತದೆ ಅಂತ ಇದರರ್ಥ. ನೀನು ಎಲ್ಲಿ ನಿಂತಿದ್ದೀಯ ಅನ್ನೋದು ಲೆಕ್ಕಕ್ಕಿಲ್ಲ, ಎಲ್ಲಿಂದ ಬಂದೆ ಅನ್ನೋದೇ ಲೆಕ್ಕ. ಈ ಮಾತನ್ನು ನಾವು ಎಲ್ಲೋ ಕೇಳಿದ್ದೇವೆ, ಅಲ್ವೆ?

ಅದೇ ವರ್ಷ ಮೇ 1ರಂದು 10 ಹೊಸ ದೇಶಗಳು ಒಕ್ಕೂಟಕ್ಕೆ ಸೇರಿದವು. ಅವುಗಳಲ್ಲಿ 8 ಪೂರ್ವ ಭಾಗದ ಬಡ ದೇಶಗಳು. ಅಲ್ಲಿನವರು ಕೆಲಸ ಹುಡುಕಿಕೊಂಡು ಬರಲಿ ಅಂತ ಕೂಡಲೇ ಬಾಗಿಲು ತೆರೆದದ್ದು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮೂರೇ. ಫ್ರಾನ್ಸ್ 2008ರವರೆಗೆ ತಡೆ ಇಟ್ಟುಕೊಂಡಿತು, ಜರ್ಮನಿ 2011ರವರೆಗೆ. ಪೋಲೆಂಡಿನವನು ತಾನೇ ಫ್ರಾನ್ಸಿಗೆ ಬಂದು ಕೆಲಸ ಕೇಳಿದರೆ ತಡೆ, ಅವನನ್ನೇ ಒಂದು ಕಂಪನಿ ಗುತ್ತಿಗೆಯ ಮೇಲೆ ಕರೆತಂದರೆ ದಾರಿ. ಮನುಷ್ಯನಾಗಿ ಬರಕೂಡದು, ಧಣಿಯ ಸಾಮಾನಾಗಿ ಬರಬಹುದು!

ಕರಡಿನ ಪರ ಇದ್ದವರು ಒಂದು ಮಾತು ಹೇಳುತ್ತಿದ್ದರು. ಕೂಲಿಯನ್ನು ನಾವು ಮುಟ್ಟಿಲ್ಲ, ಹೊರಗಿಂದ ಕಳಿಸಿದ ಕೆಲಸಗಾರನಿಗೆ ಕೆಲಸದ ದೇಶದ ಕನಿಷ್ಠ ಕೂಲಿ ಕೊಡಬೇಕು ಅನ್ನೋ 1996ರ ಕಾನೂನು ಹಾಗೇ ಇದೆ ಅಂತ. ಇದು ನಿಜ. ಆದರೆ ಅದೇ ಕರಡು ಇನ್ನೊಂದು ಕೈಯಿಂದ ಏನು ಮಾಡಿತು? ಬಂದ ಕಂಪನಿ ಮುಂಚಿತವಾಗಿ ವರದಿ ಮಾಡಬೇಕು, ಕೆಲಸದ ಜಾಗದಲ್ಲಿ ಕಾಗದಪತ್ರ ಇಟ್ಟಿರಬೇಕು ಅಂತ ಕೇಳುವ ಅಧಿಕಾರವನ್ನೇ ಸ್ಥಳೀಯ ಸರ್ಕಾರದಿಂದ ಕಿತ್ತುಕೊಳ್ಳಲು ನೋಡಿತು. ಕಾನೂನು ಇರಲಿ, ಕೇಳೋರು ಬೇಡ ಅಂತ! ನಮ್ಮ ದೇಶದಲ್ಲಿ ಕನಿಷ್ಠ ಕೂಲಿ ಕಾನೂನು 1948ರಲ್ಲೇ ಬಂತು. ಅದನ್ನು ಹಳ್ಳಿಯ ಹೊಲಕ್ಕೆ ತಂದು ಅಳೆದುಕೊಟ್ಟವರು ಯಾರು? ಕೇಳೋರಿಲ್ಲದ ಕಾನೂನು ಎಂಥದ್ದು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಅಲ್ಲಿನ ಕಾರ್ಮಿಕರು ಎದ್ದರು. 2005ರ ಮಾರ್ಚಿನಲ್ಲಿ ಬ್ರಸೆಲ್ಸಿನಲ್ಲಿ, 2006ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಸಾವಿರ ಸಾವಿರ ಜನ ಬೀದಿಗೆ ಬಂದರು. ಉತ್ತರ ಫ್ರಾನ್ಸಿನ ನನ್ನ ಮನೆಗೆ ಪ್ಲಂಬರ್ ಸಿಗೋದೇ ಕಷ್ಟ, ಪೋಲೆಂಡಿನವರು ಬರಲಿ ಅಂದ ಬೋಲ್ಕೆಸ್ಟೈನ್. ಅಲ್ಲಿನ ವಿದ್ಯುತ್ ಕಾರ್ಮಿಕರು ಅವನ ಮನೆಯ ಕರೆಂಟನ್ನೇ ಕಿತ್ತರು.

ಆದರೆ ಇಲ್ಲೇ ಒಂದು ವಿಷವೂ ಬೆರೆಯಿತು. ಫಿಲಿಪ್ ದ ವಿಲಿಯೆಯಂಥ ಬಲಪಂಥೀಯರು 'ಪೋಲೆಂಡಿನ ಪ್ಲಂಬರ್' ಅಂತ ಒಂದು ಗುಮ್ಮ ಕಟ್ಟಿದರು. ಅವನು ಬರ್ತಾನೆ, ನಿಮ್ಮ ಅನ್ನ ಕಿತ್ಕೊಳ್ತಾನೆ ಅಂತ ಹೆದರಿಸಿದರು. 2005ರ ಮೇ 29ರಂದು ಫ್ರಾನ್ಸಿನ ಜನ ಯುರೋಪಿನ ಸಂವಿಧಾನಕ್ಕೆ ನೂರಕ್ಕೆ ಸುಮಾರು 55ರಷ್ಟು 'ಬೇಡ' ಅಂತ ಓಟು ಹಾಕಿದಾಗ ಅದರಲ್ಲಿ ನ್ಯಾಯದ ಸಿಟ್ಟೂ ಇತ್ತು, ಈ ಗುಮ್ಮನ ಭಯವೂ ಇತ್ತು. ಕಡಿಮೆ ಕೂಲಿ ನಿಗದಿ ಮಾಡಿದವನು ಪ್ಲಂಬರನೇನ್ರಿ? ಗುತ್ತಿಗೆದಾರನನ್ನು ಬಿಟ್ಟು ಕೂಲಿಯವನನ್ನು ಬೈಯೋದು ಧಣಿಗೆ ಮಾಡುವ ಉಪಕಾರ.

ಕೊನೆಗೆ ಪಾರ್ಲಿಮೆಂಟು ಮೂಲ ದೇಶದ ತತ್ವವನ್ನು ಕಿತ್ತುಹಾಕಿತು. 2006ರ ಡಿಸೆಂಬರಿನಲ್ಲಿ ಕಾನೂನು ಹಲ್ಲು ಕಿತ್ತ ಹಾವಾಗಿ ಬಂತು. ಗೆದ್ದೆವು ಅಂದುಕೊಂಡರು ಜನ. ಹಾವು ಕೋರ್ಟಿನ ಬಾಗಿಲಿಂದ ಒಳಗೆ ಬಂತು. ಸ್ವೀಡನ್ನಿನ ವಾಕ್ಸ್‌ಹೋಮಿನಲ್ಲಿ ಶಾಲೆ ಕಟ್ಟಡದ ಕೆಲಸಕ್ಕೆ ಲ್ಯಾಟ್ವಿಯಾದ ಕಂಪನಿ ತನ್ನ ದೇಶದ ಕೆಲಸಗಾರರನ್ನು ತಂದಿತ್ತು. ಇಲ್ಲಿನ ಒಪ್ಪಂದದ ಕೂಲಿ ಕೊಡಿ ಅಂತ ಸಂಘ ಕೆಲಸ ತಡೆಯಿತು. ಆ ತಡೆಯೇ ತಪ್ಪು ಅಂತ ಯುರೋಪಿನ ನ್ಯಾಯಾಲಯ 2007ರ ಡಿಸೆಂಬರಿನಲ್ಲಿ ಹೇಳಿತು. ಜರ್ಮನಿಯಲ್ಲಿ ಜೈಲು ಕಟ್ಟುವ ಕೆಲಸಕ್ಕೆ ಪೋಲೆಂಡಿನ ಒಳಗುತ್ತಿಗೆದಾರ ತಂದ 53 ಮಂದಿಗೆ ಒಪ್ಪಂದದ ಕೂಲಿಯ ಅರ್ಧವೂ ಸಿಗಲಿಲ್ಲ. ಸರ್ಕಾರಿ ಗುತ್ತಿಗೆಗೆ ಆ ಕೂಲಿಯ ಷರತ್ತು ಹಾಕುವಂತಿಲ್ಲ ಅಂತ 2008ರಲ್ಲಿ ಅದೇ ನ್ಯಾಯಾಲಯ. ಒಂದೇ ಜಾಗದ ಒಂದೇ ಕೆಲಸಕ್ಕೆ ಒಂದೇ ಸಂಬಳ ಅನ್ನೋ ತಿದ್ದುಪಡಿ ಬರಲು 2018 ಆಗಬೇಕಾಯಿತು.

ಇನ್ನು ನಮ್ಮ ಮನೆಗೆ ಬರೋಣ. ಬೇರೆ ರಾಜ್ಯದಿಂದ ಗುತ್ತಿಗೆ ಮೇಲೆ ತಂದವನಿಗೆ ಅದೇ ಕೆಲಸದ ಸ್ಥಳೀಯನಷ್ಟೇ ಕೂಲಿ ಕೊಡಬೇಕು ಅಂತ ನಮ್ಮ ದೇಶ 1979ರಲ್ಲೇ ಕಾನೂನು ಮಾಡಿತ್ತು. ಕಾಗದದ ಮೇಲೆ ನಾವು ಯುರೋಪಿಗಿಂತ ಮುಂದೆ! ಕೆಲಸದ ಜಾಗದಲ್ಲಿ ಮೇಸ್ತ್ರಿಯ ಬಾಯೇ ಕಾನೂನು. ಬಿಜಾಪುರ, ಗದಗದ ಕಡೆಯವರು ಗೋವಾಕ್ಕೆ ಹೋಗಿ ಕಲ್ಲು ಹೊತ್ತರೆ ಅಲ್ಲಿ 'ಘಾಟಿ' ಅನ್ನಿಸಿಕೊಳ್ಳುತ್ತಾರೆ. ಬಿಹಾರ, ಒಡಿಶಾದವರು ಬೆಂಗಳೂರಿಗೆ ಬಂದು ಕಬ್ಬಿಣ ಕಟ್ಟಿದರೆ ನಮ್ಮವರೇ ಅವರನ್ನು ಮೂಗುಮುರಿದು ನೋಡುತ್ತಾರೆ. ಗೋವಾದಲ್ಲಿ ನೊಂದವನು ಬೆಂಗಳೂರಲ್ಲಿ ನೋಯಿಸಬಹುದೆ?

ಕೆಲಸಗಾರರನ್ನೇ ಮೇಲೆ ಕೆಳಗೆ ಅಂತ ಒಡೆದು ಇಡುವುದೇ ಜಾತಿಯ ಗುಟ್ಟು ಅಂತ ಬಾಬಾಸಾಹೇಬರು 1936ರಲ್ಲೇ ಬಿಡಿಸಿ ತೋರಿಸಿದರು. ಗಡಿ ದಾಟುವ ಮಾರುಕಟ್ಟೆಯೂ ಅದೇ ಏಣಿಯನ್ನು ಹೊತ್ತು ತರುತ್ತದೆ. ಹಾಗಂತ ಗಡಿ ಮುಚ್ಚಿ ಅನ್ನುವವರ ಜೊತೆ ನಾವು ನಿಲ್ಲಲಾರೆವು. ಊರಿನ ಕಟ್ಟು ದಾಟಿಯೇ ನಮ್ಮ ಜನ ಉಸಿರಾಡಿದ್ದು. ಯಾರು ಬೇಕಾದರೂ ಎಲ್ಲಿ ಬೇಕಾದರೂ ಹೋಗಲಿ, ದುಡಿಯಲಿ. ಆದರೆ ಕಾಲಿಟ್ಟ ನೆಲದ ಪೂರ್ತಿ ಕೂಲಿ, ಆ ನೆಲದ ಪೂರ್ತಿ ಕಾನೂನು, ಅಲ್ಲಿನ ಸಂಘಕ್ಕೆ ಸೇರುವ ಹಕ್ಕು ಅವನಿಗೂ ಅವಳಿಗೂ ಸಿಗಲೇಬೇಕು.

ಗೆಳೆಯರೆ, ನಿಮ್ಮ ಹಾಸ್ಟೆಲ್ ಪಕ್ಕ ಕಟ್ಟಡ ಏಳುತ್ತಿದ್ದರೆ ಸಂಜೆ ಹೋಗಿ ಕೇಳಿ. ಒಡಿಶಾದವನಿಗೆ ದಿನಕ್ಕೆ ಎಷ್ಟು? ರಾಯಚೂರಿನವನಿಗೆ ಎಷ್ಟು? ಸಿಮೆಂಟು ಹೊರುವ ಹೆಂಗಸಿಗೆ ಎಷ್ಟು? ಬರೆದುಕೊಳ್ಳಿ. ಮುಂದಿನ ಸಭೆಗೆ ಆ ಪಟ್ಟಿ ತನ್ನಿ. ಭಾಷಣ ಆಮೇಲೆ ಮಾಡೋಣ.