ಕಾಪಿ ಹೊಡೆದ ಕೋಡಿಗೆ ನಮ್ಮ ಹೆಸರೇ ತಪ್ಪಂತೆ

1/4
"ಪ್ರತಿಯೊಬ್ಬ ವೆಬ್ ಡೆವಲಪರ್ ಸೇವ್ ಮಾಡ್ಕೊಳ್ಳಲೇಬೇಕಾದ 10 ಸ್ನಿಪೆಟ್‌ಗಳು." ಇಂಥ ಪೋಸ್ಟು ದಿನಕ್ಕೆ ಒಂದಾದ್ರೂ ಫೀಡಲ್ಲಿ ಬರುತ್ತೆ. ನಾವು ಸೇವ್ ಮಾಡ್ತೀವಿ. ಆಮೇಲೆ ಕಾಲೇಜು ಫೆಸ್ಟಿನ ರಿಜಿಸ್ಟ್ರೇಶನ್ ಫಾರ್ಮಿಗೋ, ಪರಿಚಯದ ಅಂಗಡಿಯ ಬಿಲ್ಲಿಂಗ್ ಪೇಜಿಗೋ ಹಾಗೇ ಅಂಟಿಸ್ತೀವಿ. ಕಾಪಿ ಮಾಡೋದೇ ತಪ್ಪು ಅಂತಲ್ಲ, ಕೆಲಸದಲ್ಲಿರೋರೂ ಮಾಡ್ತಾರೆ. ನನ್ನ ತಕರಾರು ಬೇರೆ. ಇವುಗಳಲ್ಲಿ ಎಷ್ಟೋ ನಮ್ಮಂಥವರನ್ನ ಲೆಕ್ಕಕ್ಕೇ ಇಟ್ಕೊಳ್ಳದೆ ಬರೆದವು. ಅದನ್ನ ತಂದು ನಮ್ಮವರ ಮೇಲೆ ಹೇರ್ತಿರೋದು ನಾವೇ.

2/4
ಹೆಸರು ಚೆಕ್ ಮಾಡೋ ಸ್ನಿಪೆಟ್ ತಗೊಳ್ಳಿ. ಎಲ್ಲಾ ಕಡೆ ಓಡಾಡೋದು ಒಂದೇ: ಎ ಇಂದ ಝಡ್ ವರೆಗಿನ ಅಕ್ಷರ, ಜೊತೆಗೆ ಸ್ಪೇಸ್, ಅಷ್ಟೇ. ಕನ್ನಡದಲ್ಲಿ ಹೆಸರು ಬರೆದ್ರೆ ಕೆಂಪು ಅಕ್ಷರದಲ್ಲಿ "ಇನ್‌ವ್ಯಾಲಿಡ್ ನೇಮ್". ನಿಮ್ಮಜ್ಜಿ ಇಟ್ಟ ಹೆಸರು ಅಮಾನ್ಯ!

"ಯಾರು ಗುರು ಫಾರ್ಮಲ್ಲಿ ಕನ್ನಡ ಟೈಪ್ ಮಾಡ್ತಾರೆ?" ಅಂತೀರಾ? ಸರಿ, ಇಂಗ್ಲಿಷಲ್ಲೇ ಬರೆಯಿರಿ. ಕೆ. ಎಸ್. ರವಿ ಅಂತ ಹಾಕಿ. ಚುಕ್ಕಿ ಇದೆ, ಫೇಲ್. ಕಾವ್ಯ ಎಂ ಅಂತ ಹಾಕಿ. ಲಾಸ್ಟ್ ನೇಮ್‌ಗೆ ಕನಿಷ್ಠ ಎರಡಕ್ಷರ ಬೇಕು ಅನ್ನೋ ಸಾಲು ಇದ್ರೆ ಅದೂ ಫೇಲ್. ನಮ್ಮ ಕ್ಲಾಸಿನ ಅಟೆಂಡೆನ್ಸ್ ತೆಗೆದು ನೋಡಿ, ಇನಿಷಿಯಲ್ ಇಲ್ಲದೋರು ಎಷ್ಟು ಜನ ಇದ್ದಾರೆ?

ತಿದ್ದೋಕೆ ಹೋದವರೂ ಅರ್ಧಕ್ಕೆ ನಿಲ್ಲಿಸ್ತಾರೆ. ಜಾವಾಸ್ಕ್ರಿಪ್ಟ್‌ನ ರೆಜೆಕ್ಸ್‌ನಲ್ಲಿ "ಯಾವ ಭಾಷೆಯ ಅಕ್ಷರವಾದ್ರೂ ಸರಿ" ಅಂತ ಹೇಳೋ ಸೌಲಭ್ಯ 2018ರಿಂದಲೇ ಇದೆ. ಆದ್ರೆ ಯೂನಿಕೋಡ್ ಪ್ರಕಾರ ನಮ್ಮ ದೀರ್ಘ, ಗುಡಿಸು, ಅರ್ಧಾಕ್ಷರದ ಚಿಹ್ನೆ ಇವೆಲ್ಲ ಅಕ್ಷರ ಅಲ್ಲ, "ಮಾರ್ಕ್" ಅನ್ನೋ ಬೇರೆ ಗುಂಪು. ಬರೀ ಅಕ್ಷರಕ್ಕೆ ಅನುಮತಿ ಕೊಟ್ರೆ "ಕಮಲ" ಪಾಸ್, "ಕಾವ್ಯ" ಫೇಲ್. ಎರಡೂ ಗುಂಪು ಸೇರಿಸಬೇಕು. ಇದನ್ನ ಹೇಳೋ ಕ್ಯಾರೊಸೆಲ್ ನನಗಂತೂ ಇನ್ನೂ ಸಿಕ್ಕಿಲ್ಲ.

ಉದ್ದದ ಲೆಕ್ಕವೂ ಹಾಗೇ. "ಶ್ರೀ" ನಮಗೆ ಒಂದಕ್ಷರ, ಜಾವಾಸ್ಕ್ರಿಪ್ಟ್‌ಗೆ ನಾಲ್ಕು: ಶ, ಅರ್ಧಾಕ್ಷರದ ಚಿಹ್ನೆ, ರ, ದೀರ್ಘ. "20 ಅಕ್ಷರಕ್ಕೆ ಕತ್ತರಿಸು" ಅನ್ನೋ ಸ್ನಿಪೆಟ್ ಎಲ್ಲಿ ಬೇಕಾದ್ರೂ ಕತ್ತರಿ ಹಾಕುತ್ತೆ, ಒತ್ತಕ್ಷರದ ಮಧ್ಯೆ ಕೂಡ. ಕನ್ನಡ ಯೂನಿಕೋಡಿಗೆ ಸೇರಿದ್ದು ನಿನ್ನೆ ಮೊನ್ನೆ ಅಲ್ಲ, 1991ರ ಮೊದಲ ಆವೃತ್ತಿಯಲ್ಲೇ ಇತ್ತು. ಹೊಸ ಭಾಷೆ, ಸಪೋರ್ಟ್ ಇಲ್ಲ ಅನ್ನೋ ನೆಪ ನಡೆಯಲ್ಲ.

3/4
"ಬಿಕಾಂ ಓದೋನಿಗೆ ಇದೆಲ್ಲ ಯಾಕೆ?" ಅಂತ ಕೇಳೋರಿಗೆ ಈ ಭಾಗ. ಸಂಖ್ಯೆಗೆ ಅಲ್ಪವಿರಾಮ ಹಾಕೋ ಫೇಮಸ್ ಸ್ನಿಪೆಟ್ ಇದೆಯಲ್ಲ, ಅದು ಮೂರು ಮೂರು ಅಂಕಿಗೆ ಕೊಯ್ಯುತ್ತೆ: 12,345,678. ಅಂಗಡಿ ಯಜಮಾನರು ಓದೋದು 1,23,45,678, ಅಂದ್ರೆ ಒಂದು ಕೋಟಿ ಇಪ್ಪತ್ಮೂರು ಲಕ್ಷ. ಬಿಲ್ಲು ನೋಡಿ ಒಂದು ಕ್ಷಣ ತಬ್ಬಿಬ್ಬಾಗೋದು ಅವರು, ಕೋಡ್ ಅಂಟಿಸಿದವರಲ್ಲ. ಇದಕ್ಕೆ ಸ್ನಿಪೆಟ್ಟೇ ಬೇಡ. ಬ್ರೌಸರ್ ಒಳಗೇ ಇರೋ ನಂಬರ್ ಫಾರ್ಮ್ಯಾಟ್‌ಗೆ ಲೊಕೇಲ್ "ಭಾರತದ ಇಂಗ್ಲಿಷ್" ಅಂತ ಕೊಟ್ರೆ ಲಕ್ಷ, ಕೋಟಿ ತಾನೇ ಬರುತ್ತೆ.

ಮತ್ತೆ ಜಾವಾಸ್ಕ್ರಿಪ್ಟಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಬರುತ್ತೆ. ಜಿಎಸ್‌ಟಿ ಲೆಕ್ಕವನ್ನ ರೂಪಾಯಿ ದಶಮಾಂಶದಲ್ಲೇ ಕೂಡಿಸೋ "ರೆಡಿಮೇಡ್ ಇನ್‌ವಾಯ್ಸ್ ಕೋಡ್" ಅಂಟಿಸೋ ಮುಂಚೆ ಯೋಚಿಸಿ. ಪೈಸೆಯಲ್ಲಿ ಪೂರ್ಣಾಂಕ ಇಟ್ಕೊಂಡು, ಕೊನೆಗೆ ನೂರರಿಂದ ಭಾಗಿಸಿ ತೋರಿಸಿ.

4/4
ಇನ್ನೊಂದು ಪುಟ್ಟದು. ವಿಎಸ್ ಕೋಡಲ್ಲಿ ಆಶ್ಚರ್ಯಸೂಚಕ ಒತ್ತಿ ಟ್ಯಾಬ್ ಒತ್ತಿದ್ರೆ ಪೂರ್ತಿ ಪುಟದ ಅಸ್ಥಿಪಂಜರ ಬರುತ್ತೆ, ಅದರ ಎರಡನೇ ಸಾಲಲ್ಲೇ ಭಾಷೆ ಇಂಗ್ಲಿಷ್ ಅಂತ ಇರುತ್ತೆ. ಕನ್ನಡ ಪುಟಕ್ಕೂ ಅದನ್ನೇ ಬಿಟ್ಟರೆ, ಕಣ್ಣು ಕಾಣದ ಗೆಳೆಯರ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದೋಕೆ ಒದ್ದಾಡುತ್ತೆ. ಬದಲಾಯಿಸಬೇಕಾದ್ದು ಎರಡೇ ಅಕ್ಷರ: ಇ, ಎನ್ ತೆಗೆದು ಕೆ, ಎನ್.

"ವರ್ಕ್ ಆಗ್ತಿದೆಯಲ್ಲ, ಬಿಡು ಮಗಾ" ಅಂತ ಯಾರಾದ್ರೂ ಅಂದ್ರೆ, ಯಾರಿಗೆ ವರ್ಕ್ ಆಗ್ತಿದೆ ಅಂತ ಕೇಳಿ. ಸ್ನಿಪೆಟ್ ಹಂಚೋ ಪೇಜ್‌ಗಳೇ, ಲೈಕ್ ನಿಮಗಿರಲಿ. ಆದ್ರೆ ಕೋಡನ್ನ ಫೋಟೋ ಮಾಡಿ ಹಾಕಬೇಡಿ, ಟೆಕ್ಸ್ಟ್ ಕೊಡಿ, ಯಾವ ಹೆಸರು, ಯಾವ ಸಂಖ್ಯೆ ಹಾಕಿ ಟೆಸ್ಟ್ ಮಾಡಿದ್ರಿ ಅಂತ ಕೆಳಗೆ ಬರೀರಿ.

ನೀವು ಈ ಪೋಸ್ಟ್ ಸೇವ್ ಮಾಡೋದು ಆಮೇಲೆ. ಮೊದಲು ಕಳೆದ ಫೆಸ್ಟಿಗೆ ನೀವೇ ಮಾಡಿದ ಫಾರ್ಮ್ ತೆಗೆದು "ಕಾವ್ಯ ಎಂ." ಅಂತ ಕನ್ನಡದಲ್ಲಿ ಟೈಪ್ ಮಾಡಿ. ಏನು ಬಂತು, ಕಾಮೆಂಟಲ್ಲಿ ಹಾಕಿ.

#ಕನ್ನಡದಲ್ಲಿಕೋಡ್ #ಇನ್‌ವ್ಯಾಲಿಡ್‌ನೇಮ್