ಅತ್ತೆಯ ಟಚ್ ಫೋನೂ ಆನು ಓದದ್ದ ಗೆರೆಯೂ

ಕಳುದ ವಾರ ಒಂದು ಜೆಂಬ್ರಲ್ಲಿ ಹಂತಿಲಿ ಉಂಬಲೆ ಕೂದಿಪ್ಪಗ, ಹತ್ತರೆ ಕೂದ ಅಕ್ಕ ಒಂದು ಮೆಲ್ಲಂಗೆ ಕೇಳಿತ್ತು: "ಅಲ್ಲ, ನಿನ್ನ ಅತ್ತೆಗೆ ಕಣ್ಣೇ ಕಾಣ್ತಿಲ್ಲೆನ್ನೆ, ಅವಕ್ಕೆ ಅಷ್ಟು ದೊಡ್ಡ ಟಚ್ ಫೋನು ಎಂತಕೆ?" ಎನ್ನ ಬಾಯಿಲಿ ಹೋಳಿಗೆ ಇತ್ತು. ನೆಗೆ ಮಾಡಿ ಸುಮ್ಮನೆ ಕೂದೆ. ಮನೆಗೆ ಬಂದ ಮೇಲೆ ಉತ್ತರ ಒಂದೊಂದಾಗಿ ನೆಂಪಪ್ಪಲೆ ಸುರು ಆತು. ಹಾಂಗೆ ಇಲ್ಲಿ ಬರೆತ್ತಾ ಇದ್ದೆ. ಅಕ್ಕ, ಓದಿರೆ ಕೋಪ ಮಾಡೆಡ.

ಅತ್ತೆಗೆ ಇಪ್ಪದು ಗ್ಲಾಕೋಮ. ಬೇನೆ ಇಲ್ಲೆ, ಕಣ್ಣು ಕೆಂಪಾದ್ದೂ ಇಲ್ಲೆ. ಕರೆಂದ ರಜ ರಜವೇ ಕಾಂಬದು ಕಮ್ಮಿ ಆವುತ್ತಾ ಬಂತು. ಹೋದ ನೋಟ ತಿರುಗಿ ಬತ್ತಿಲ್ಲೆ ಹೇಳುದು ಎಂಗೊಗೆ ಗೊಂತಪ್ಪಗ ತಡ ಆಗಿತ್ತು. (ಮನೆಲಿ ಆರಿಂಗಾರೂ ಇದು ಇದ್ದರೆ ಮಕ್ಕೊ, ತಮ್ಮ, ತಂಗೆ ಎಲ್ಲ ಒಂದರಿ ಕಣ್ಣಿನ ಒತ್ತಡ ನೋಡ್ಸಿಗೊಳ್ಳಿ. ಬೇರೆ ಮಾತು, ಆದರೂ ಹೇಳಿಕ್ಕುವ ಹೇಳಿ ಕಂಡತ್ತು.)

ಸುರುವಿಂಗೆ ಅವರ ಮೆಸೇಜುಗಳ ಎಲ್ಲ ಆನೇ ಓದಿ ಹೇಳಿಗೊಂಡಿತ್ತಿದ್ದೆ. ಅಂಬಗ ಅವರ ತಂಗೆಗೆ ಕಣ್ಣಿನ ಸಂಗತಿ ಪೂರ ಗೊಂತಿತ್ತಿಲ್ಲೆ. ಒಂದು ದಿನ ಅದು ಉದ್ದಕೆ ಬರದಿತ್ತು: ಹಬ್ಬಕ್ಕೆ ಬಾ, ಎರಡು ವರ್ಷ ಆತು ನೋಡದ್ದೆ ಹೇಳಿ. ಅದರ ಕೆಳ ಇನ್ನೊಂದು ಗೆರೆ — ನಿನ್ನ ಸೊಸೆ ನಿನ್ನ ಕಳುಸುತ್ತಿಲ್ಲೆ ಹೇಳಿ ಕಾಣ್ತು. ಆನು ಆ ಗೆರೆಯ ಓದಿದ್ದಿಲ್ಲೆ. "ಹಬ್ಬಕ್ಕೆ ದಿನಿಗೇಳಿದ್ದವು ಅತ್ತೆ" ಹೇಳಿ ನಿಲ್ಸಿದೆ. ಆ ವರ್ಷ ಅತ್ತೆ ಹೋದವೂ ಇಲ್ಲೆ. ಆನು ಕರಕ್ಕೊಂಡು ಹೋದ್ದೂ ಇಲ್ಲೆ.

ಮತ್ತೆ ಎಂಗೊ ಒಂದು 'ಉಪಕಾರ' ಮಾಡಿದೆಯೊ°. ಟಚ್ ಫೋನಿನ ತೆಗದು ಕಪಾಟಿಲಿ ಮಡಗಿ, ಬಟನಿನ ಫೋನು ಕೊಟ್ಟೆಯೊ°. 5ರ ಬಟನಿಲಿ ಒಂದು ಚುಕ್ಕೆ ಇರ್ತನ್ನೆ, ಅದರ ಹಿಡುದು ಲೆಕ್ಕ ಹಾಕಿರೆ ನಂಬರು ಒತ್ತಲಕ್ಕು. ಅಷ್ಟು ಸಾಕು ಹೇಳಿ ಎಂಗಳ ಅಂದಾಜಿ. ಆದರೆ ಆ ಫೋನಿಲಿ ಆರು ದಿನಿಗೇಳ್ತಾ ಇದ್ದವು ಹೇಳಿ ಗೊಂತಾಗ, ಬಂದ ಮೆಸೇಜು ಕೇಳ. "ಬಂದೆ ಅತ್ತೆ" ಹೇಳಿಕ್ಕಿ ಆನು ಒಲೆ ಬುಡಂದ ಏಳುವಗ ಅರ್ಧ ಗಂಟೆ.

ರಜೆಲಿ ಬಂದ ಎನ್ನ ತಂಗೆಯ ಮಗಳು ಕಪಾಟಿನ ಹಳೆ ಫೋನಿನ ಚಾರ್ಜಿಂಗೆ ಹಾಕಿತ್ತು. ಸೆಟ್ಟಿಂಗ್ಸಿಲಿ ಆಕ್ಸೆಸಿಬಿಲಿಟಿ ಹೇಳಿ ಇದ್ದು, ಅದರೊಳ ಟಾಕ್‌ಬ್ಯಾಕು. ಪೈಸೆ ಕೊಡೆಕ್ಕು ಹೇಳಿ ಇಲ್ಲೆ. ಐಫೋನಿಲಿ ವಾಯ್ಸ್‌ಓವರ್ ಹೇಳ್ತವು, ಅದು 2009ರಿಂದಲೇ ಇದ್ದಡ. ಬೆರಳು ಮಡಗಿದಲ್ಲಿ ಎಂತ ಇದ್ದೋ ಅದರ ಫೋನು ಕನ್ನಡಲ್ಲಿ ಹೇಳ್ತು, ಆದರೆ ತೆಗೆತ್ತಿಲ್ಲೆ. ತೆಗೆಯೆಕ್ಕಾರೆ ಎಲ್ಲಿ ಬೇಕಾರೂ ಎರಡು ಸರ್ತಿ ತಟ್ಟಿರೆ ಆತು. ಬಲತ್ತಿಂಗೆ ಉದ್ದಿರೆ ಮುಂದಾಣದು, ಎಡತ್ತಿಂಗೆ ಉದ್ದಿರೆ ಹಿಂದಾಣದು. ನಯ ಗಾಜಿಲಿ ಕಣ್ಣಿಲ್ಲದ್ದೆ ಎಂತ ಸಿಕ್ಕುತ್ತು ಹೇಳಿ ಕೇಳಿದ ಅಕ್ಕಂಗೆ ಉತ್ತರ ಇದುವೇ. ಜಾಗೆ ಹುಡ್ಕುಲೇ ಇಲ್ಲೆ, ಒಂದರ ಮತ್ತೆ ಒಂದು ಕೇಳಿಗೊಂಡು ಹೋಪದು. ಜೆಪದ ಮಣಿ ಎಳದ ಹಾಂಗೆ, ಹೇಳಿ ಅತ್ತೆಯ ಲೆಕ್ಕ.

ಸುರುವಾಣ ದಿನ ಫೋನು "ಎರಡು ಸರ್ತಿ ತಟ್ಟಿ" ಹೇಳುವಗ, ಆರೋ ಮಾತಾಡ್ತಾ ಇದ್ದವು ಹೇಳಿ ಅತ್ತೆ "ಅಕ್ಕಕ್ಕು" ಹೇಳಿಗೊಂಡಿತ್ತಿದ್ದವು. ಮೂರು ವಾರ ಬೇಕಾತು. ಆನು ಅವರ ಬೆರಳು ಹಿಡುದು ಎಳವದರ ನಿಲ್ಸಿದ ಮೇಲೆಯೇ ಕಲ್ತದು ಹೇಳಿ ಎನ್ನ ಅಭಿಪ್ರಾಯ.

ಒಂದು ತಿಂಗಳಪ್ಪಗ ಹಳೆ ಮೆಸೇಜುಗಳ ಒಂದೊಂದೇ ಕೇಳಿಗೊಂಡು ಹೋದವು. ಆನು ಅಡಿಗೆ ಒಳ ಕಾಯಿ ಕೆರಕ್ಕೊಂಡಿತ್ತಿದ್ದೆ. ಜೆಗಿಲಿಲಿ ಫೋನು ಆ ಗೆರೆಯ ಓದಿದ್ದು ಕೇಳಿತ್ತು. ಎನ್ನ ಕೈ ನಿಂದತ್ತು. ಅತ್ತೆ ಎಂತದೂ ಹೇಳಿದ್ದವಿಲ್ಲೆ. ಹೊತ್ತೋಪಗ ಚಾಯ ಕುಡಿವಗ "ತಂಗೆಯಲ್ಲಿಗೆ ಒಂದರಿ ಹೋಯೆಕ್ಕು" ಹೇಳಿದವು, ಅಷ್ಟೆ. ಮರದಿನವೇ ಕರಕ್ಕೊಂಡು ಹೋದೆ.

ಹಾಂಗಾಗಿ ಎನ್ನತ್ರೆ ಆರಾದರೂ "ಓದಿ ಹೇಳ್ಲೆ ನಾವು ಇದ್ದನ್ನೆ" ಹೇಳಿರೆ ಎನಗೆ ಈಗ ಆ ಗೆರೆ ನೆಂಪಾವುತ್ತು. ನಾವು ಓದುವಗ ನವಗೆ ಬೇಡದ್ದರ ಬಿಟ್ಟು ಓದುತ್ತು. ಫೋನಿಂಗೆ ಆ ಬುದ್ಧಿ ಇಲ್ಲೆ.

ಪೈಸೆಯ ಸಂಗತಿಯೂ ಹಾಂಗೇ. 200ರ ನೋಟೂ 500ರ ನೋಟೂ ಅಗಲಲ್ಲಿ ಒಂದೇ, ಉದ್ದಲ್ಲಿ ನಾಲ್ಕೇ ಮಿಲಿಮೀಟರು ವ್ಯತ್ಯಾಸ. ಹೊಸ ನೋಟಿಲಿ ಕೈಗೆ ಸಿಕ್ಕುವ ಗೆರೆಗೊ ಇರ್ತು, ನಾಕು ಅಂಗಡಿ ತಿರುಗಿ ಬಂದ ನೋಟಿಲಿ ಸವದು ಹೋಗಿರ್ತು. ರಿಸರ್ವ್ ಬ್ಯಾಂಕು 2020ರ ಜನವರಿ 1ಕ್ಕೆ 'ಮಣಿ' ಹೇಳ್ತ ಆ್ಯಪು ತಂತು. ಕ್ಯಾಮರದ ಎದುರು ನೋಟು ಹಿಡುದರೆ ಎಷ್ಟರದ್ದು ಹೇಳಿ ಹೇಳ್ತು, ನೆಟ್ಟು ಬೇಡ. ಅಸಲೋ ನಕಲಿಯೋ ಹೇಳಿ ಅದು ಹೇಳ್ತಿಲ್ಲೆ, ಅದರ ನೆಂಪು ಮಡಿಕ್ಕೊಳ್ಳೆಕ್ಕು. ಅತ್ತೆ ಈಗ ಹಾಲಿನ ಪೈಸೆಯ ಅವ್ವೇ ಲೆಕ್ಕ ಮಾಡಿ ಮಡಗುತ್ತವು. ಎಷ್ಟು ಇದ್ದು ಹೇಳಿ ಎನಗೆ ಗೊಂತಿಲ್ಲೆ, ಗೊಂತಾಯೆಕ್ಕು ಹೇಳಿಯೂ ಇಲ್ಲೆ.

ಎಲ್ಲದಕ್ಕೂ ಫೋನು ಸಾಲ, ಅದೂ ಅಪ್ಪು. ಮದ್ದಿನ ಪಟ್ಟಿಗೆ ಎಂಗೊ ಈಗಳೂ ರಬ್ಬರ್ ಬ್ಯಾಂಡು ಸುತ್ತುದು: ಉದಿಯಪ್ಪಗಾಣದಕ್ಕೆ ಒಂದು, ಇರುಳಾಣದಕ್ಕೆ ಎರಡು. ಜಾಲಿಲಿ ಹಾವಸೆ ಕಟ್ಟಿದ್ದರೆ ಕೋಲೇ ಬೇಕು. ಮಾತಾಡಿ ಟೈಪು ಮಾಡ್ಲಕ್ಕು, ಆದರೆ ನಮ್ಮ ಭಾಷೆಲಿ ಅತ್ತೆ ಒಂದು ಹೇಳಿರೆ ಅದು ಇನ್ನೊಂದು ಬರೆತ್ತು. ಅದಕ್ಕೆ ಅವು ವಾಯ್ಸ್ ಮೆಸೇಜು ಕಳುಸುದು. ಒಟಿಪಿಯ ಫೋನು ದೊಡ್ಡಕೆ ಓದಿರೆ ಜೆಗಿಲಿಲಿ ಕೂದವಕ್ಕೆಲ್ಲ ಕೇಳ್ತು, ಹಾಂಗಾಗಿ ಕೆಮಿಗೆ ಇಯರ್‌ಫೋನು. ಮತ್ತೆ ಬ್ಯಾಂಕಿನ ಕೇವೈಸಿಗೆ ವಿಡಿಯೋಲಿ "ಕಣ್ಣು ಮುಚ್ಚಿ ತೆಗೆಯಿ" ಹೇಳ್ತವು! 2025ರ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟು ಇದರ ಸರಿ ಮಾಡೆಕ್ಕು, ಡಿಜಿಟಲ್ ಸೌಕರ್ಯ ಸಿಕ್ಕುದು ಬದುಕುವ ಹಕ್ಕಿನ ಒಳವೇ ಬತ್ತು ಹೇಳಿ ತೀರ್ಪು ಕೊಟ್ಟಿದು.

ಕೋರ್ಟಿನ ಮಾತು ಕೋರ್ಟಿಂಗೆ. ನಮ್ಮ ಕುಟುಂಬದ ಗ್ರೂಪಿನ ಮಾತು ಎನ್ನದು. ಕಳುದ ವರ್ಷ ಹತ್ತರಾಣ ನೆಂಟರಲ್ಲಿ ಉಪ್ನಾನ ಇತ್ತು. ಕಾಗತವ ಫೋಟೋ ತೆಗದು ಹಾಕಿದ್ದವು. ಅತ್ತೆಯ ಫೋನು "ಫೋಟೋ" ಹೇಳಿತ್ತು, ಮುಂದೆ ಹೋತು. ಉಪ್ನಾನ ಕಳುದ ಮೇಲೆ ಅವು "ಹೇಳಿಕೆ ಕೊಟ್ಟರೂ ಬೈಂದವಿಲ್ಲೆ" ಹೇಳಿದವು, ಅತ್ತೆ "ಹೇಳಿಕೆಯೇ ಇತ್ತಿಲ್ಲೆ" ಹೇಳಿದವು. ಇಬ್ರೂ ಹೇಳಿದ್ದು ಸರಿ. ಮಾತು ಬಿಟ್ಟು ಮೂರು ತಿಂಗಳು.

ಇಂಗ್ಲಿಷು ಅಕ್ಷರಲ್ಲಿ ನಮ್ಮ ಮಾತು ಬರದರೂ ಬಂಙವೇ. ಫೋನು ಅದರ ಇಂಗ್ಲಿಷು ಹೇಳಿ ಗ್ರೇಶಿ ಎಂತದೋ ಓದುತ್ತು. ಅದನ್ನೇ ಕನ್ನಡ ಅಕ್ಷರಲ್ಲಿ ಬರದರೆ, ಮಾಷ್ಟ್ರು ಪಾಠ ಓದಿದ ಹಾಂಗೆ ಆದರೂ, ಅರ್ಥ ಆವುತ್ತು. ಈ ಬರಹವನ್ನೂ ಅತ್ತೆ ಹಾಂಗೇ ಕೇಳುಗು. ಕೈ ಮುಗುದ ಚಿತ್ರ ಹನ್ನೆರಡು ಹಾಕಿರೆ ಫೋನು ಅದರ ಹೆಸರು ಹೇಳಿಗೊಂಡೇ ಇರ್ತು. ಒಂದು ಸಾಕು.

ಬಪ್ಪ ತಿಂಗಳು ನಮ್ಮಲ್ಲಿ ಎರಡು ಮದುವೆ ಇದ್ದು. ಕಾಗತದ ಫೋಟೋ ಹಾಕಿ, ಬೇಡ ಹೇಳ್ತಿಲ್ಲೆ. ಅದರ ಕೆಳ ತಾರೀಕು, ಮುಹೂರ್ತ, ಜಾಗೆ ಮೂರು ಗೆರೆ ಕನ್ನಡಲ್ಲಿ ಬರೆಯಿ. ಅತ್ತೆಯ ನಂಬರಿಂಗೇ ಕಳುಸಿ, ಎನ್ನದಕ್ಕಲ್ಲ.