ಎಂಟೋ ಏಳೋ?
ಕಾಲೇಜಿನ ಮೊದಲ ಹಂತದ ಸಂಖ್ಯಾಶಾಸ್ತ್ರವನ್ನು ಈಗ ಮನೆಯಲ್ಲೇ ಕೂತು ಕಲಿಯಬಹುದು. ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್, 2017ರಲ್ಲಿ ಬಂದ ಸ್ವಯಂ, ಎರಡರಲ್ಲೂ ಪಾಠ ಪುಕ್ಕಟೆ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಪರೀಕ್ಷೆಗೆ ಕೇಂದ್ರಕ್ಕೇ ಹೋಗಬೇಕು, ಅದು ಒಳ್ಳೆಯದೇ. ತೊಂದರೆಯಿರುವುದು ಪಾಠ ಕೇಳುವ ರೀತಿಯಲ್ಲಿ. ವಿಡಿಯೊವನ್ನು ಒಂದೂವರೆ ಪಟ್ಟು ವೇಗಕ್ಕೆ ಹಾಕಿ, ಮೇಷ್ಟ್ರು ಬರೆದದ್ದಕ್ಕೆಲ್ಲ ತಲೆಯಾಡಿಸುತ್ತ ಹೋದರೆ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಅಲ್ಲೇ ನಿಲ್ಲಿಸಿ, ಹಾಳೆ ತೆಗೆದುಕೊಂಡು, 2, 4, 4, 4, 5, 5, 7, 9 ಈ ಎಂಟು ಅಂಕಿಗಳ ಮಾನಕ ವಿಚಲನೆ ಕಂಡುಹಿಡಿಯಿರಿ. ಸರಾಸರಿ 5, ಪ್ರತಿ ಅಂಕಿಯೂ ಅದರಿಂದ ಎಷ್ಟು ದೂರವೆಂದು ನೋಡಿ, ವರ್ಗ ಮಾಡಿ ಕೂಡಿದರೆ 32. ಎಂಟರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸರಿಯಾಗಿ 2. ಎಕ್ಸೆಲ್‌ನ ಮಾಮೂಲಿ ಸೂತ್ರ ಮಾತ್ರ 2.14 ಎನ್ನುತ್ತದೆ! ಕೈಯಲ್ಲಿರುವುದು ಇಡೀ ಸಮೂಹವಲ್ಲ, ಅದರ ಒಂದು ಮಾದರಿ ಎಂದೆಣಿಸಿ ಅದು ಏಳರಿಂದ ಭಾಗಿಸಿರುತ್ತದೆ. ಸರಾಸರಿಯನ್ನೂ ಅದೇ ಮಾದರಿಯಿಂದ ತೆಗೆದಿರುವುದರಿಂದ ದೂರಗಳು ಒಟ್ಟಾರೆ ಸ್ವಲ್ಪ ಕಡಿಮೆಯೇ ಬರುತ್ತವೆ. ಆ ಕೊರತೆ ತುಂಬಲು ಏಳು. ಈ ಎಂಟು-ಏಳರ ತಕರಾರು ಬಗೆಹರಿಸಿಕೊಂಡವರಿಗೆ ಕೋರ್ಸಿನ ಕಷ್ಟದ ಭಾಗ ಒಲಿದಂತೆ. ವಾರವಾರದ ಅಸೈನ್‌ಮೆಂಟಿನಲ್ಲಿ ಪೂರ್ಣ ಅಂಕ ಬಂದವರ ಬಗ್ಗೆ ಹಾಗೆನ್ನಲಾರೆ (ಉತ್ತರಗಳು ಗೆಳೆಯರ ಗುಂಪಿನಲ್ಲೇ ಓಡಾಡುತ್ತಿರುತ್ತವೆ). ಸೇರುವವರು ಧಾರಾಳವಾಗಿ ಸೇರಿ. ಒಂದು ಗಂಟೆಯ ವಿಡಿಯೊಗೆ ಎರಡು ಗಂಟೆ ಪೆನ್ನು-ಹಾಳೆಗೆ ಎತ್ತಿಡಿ.